ಪೊರೆ ಹೇಳಿದ ಬುದ್ಧಿವಾದ

ಹಸಿದ ಕೇರೆಹಾವೊಂದು ಕಪ್ಪೆಗಳಿರುವ ದೂರದ ಕೆರೆಗೆ ಹೊರಟಿತು. ಅದು ನಿನ್ನೆ ಕಳಚಿ ಬಿಲದ ಬಾಯಲ್ಲಿ ಬಿಟ್ಟಿದ್ದ ಪೊರೆ, ಹಾವಿನದೇ ದನಿಯಲ್ಲಿ ಮಾತಾಡಿತು.

“ಎಲ್ಲಿಗಪ್ಪಾ? ದಾರಿ ತಪ್ಪಿದರೆ?”

“ಕೇಳಿಕೊಂಡು ಹೋಗುತ್ತೇನೆ.”

“ಹಾವಿಗೆ ದಾರಿ ಹೇಳಲು ಯಾರು ನಿಲ್ಲುತ್ತಾರೆ? ಸರಿ, ಮಲಗುವುದೆಲ್ಲಿ?”

“ಇಲಿಯ ಬಿಲ ಎಲ್ಲ ಕಡೆಯೂ ಇರುತ್ತದೆ.”

“ಮುಂಗುಸಿ ಎದುರಾದರೆ?”

ಹಾವು ಹೊರಚಾಚಿದ್ದ ತಲೆಯನ್ನು ಹಿಂದಕ್ಕೆಳೆದುಕೊಂಡಿತು.

“ನೋಡಿದೆಯಾ! ನನ್ನ ಹಾಗೆ ಮನೆಯಲ್ಲೇ ಇರು,” ಎಂದು ಪೊರೆ ಹತ್ತಿರ ಸರಿಯಿತು. ಅದನ್ನು ಸರಿಸಲು ಗಾಳಿಯೂ ಇರಲಿಲ್ಲ. ಅದರ ಕತ್ತಿನ ತೂತುಗಳಿಂದ ಬೆಳಕು ಒಳಗೆ ಬಿತ್ತು.

“ಕತ್ತಿಗೇನಾಯಿತು?”

“ಬೆಳಿಗ್ಗೆ ನೀನು ಮಲಗಿದ್ದಾಗ ಮುಂಗುಸಿ ಇಲ್ಲಿಗೇ ಬಂದಿತ್ತು. ನೀನೆಂದು ತಿಳಿದು ನನ್ನನ್ನು ಕಚ್ಚಿತು. ಸಂಜೆ ಮತ್ತೆ ಬರುತ್ತೇನೆಂದು ಹೇಳಿ ಹೋಯಿತು.”

ಹಾವು ಮುಂದೆ ಹರಿಯಿತು.

“ನಿಲ್ಲು, ದಾರಿಯಲ್ಲಿ ಅಪಾಯವಿದೆ!” ಎಂದು ಪೊರೆ ಕೂಗುತ್ತಿರುವಾಗಲೇ ಹಾವು ಅದರ ಮೇಲೆಯೇ ಹಾದು ದಾರಿ ಹಿಡಿಯಿತು.