ಯಂತ್ರ ಬರೆದ ಪಟ್ಟಿ

ಹೊಳೆಯ ದಂಡೆಯ ಆಶ್ರಮದಲ್ಲಿ ಮುರಿಗೆಪ್ಪಜ್ಜ ಎಂಬ ಗುರುಗಳಿದ್ದರು. ಜಪ, ತಪ ಎಲ್ಲವೂ ಅವರಿಗೆ ಒಂದೇ: ಆಚೆ ದಡದ ಅಂಧ ಮಕ್ಕಳ ಶಾಲೆಗೆ ಲಿನಕ್ಸ್ ಪ್ಯಾಕೇಜು ಕಟ್ಟಿ ಕಳಿಸುವುದು. ಕಂಪ್ಯೂಟರಿನಲ್ಲಿ ಮಕ್ಕಳಿಗೆ ಪಾಠ ಓದಿ ಹೇಳುವ ತಂತ್ರಾಂಶದ ಕಟ್ಟು ಅದು.

ಪ್ಯಾಕೇಜಿನ ಒಳಗೆ ಯಾವ್ಯಾವ ಫೈಲುಗಳಿವೆ, ಯಾವುದು ಎಲ್ಲಿ ಕೂರಬೇಕು ಎಂದು ಒಂದು ಪಟ್ಟಿ ಬೇಕು. ಮುನ್ನೂರ ಹನ್ನೊಂದು ಸಾಲು. ಅಜ್ಜಾರು ಪ್ರತಿ ಸಲವೂ ಕೈಯಾರೆ ಬರೆಯುತ್ತಿದ್ದರು. ಎರಡು ದಿನ ಹಿಡಿಯುತ್ತಿತ್ತು. ನೋಡಿ ನೋಡಿ, ಜೊತೆಗೆ ಪ್ಯಾಕೇಜು ಕಟ್ಟುತ್ತಿದ್ದ ಶಿಷ್ಯೆ ದಾನಮ್ಮನಿಗೆ ತಲೆ ಚಿಟ್ಟು ಹಿಡಿದಿತ್ತು.

ಅಜ್ಜಾರು ಪರವೂರಿಗೆ ಹೋದ ದಿನ ಅವಳು ಆ ಪಟ್ಟಿಯನ್ನು ಯಂತ್ರವೇ ಬರೆಯುವಂತೆ ಒಂದು ಸ್ಕ್ರಿಪ್ಟ್ ಬರೆದಳು. ಕಣ್ಣು ಮಿಟುಕಿಸುವಷ್ಟರಲ್ಲಿ ಪಟ್ಟಿ ಸಿದ್ಧ. ಒಂದು ಫೈಲೂ ಬಿಟ್ಟುಹೋಗಿರಲಿಲ್ಲ. ಹಿಗ್ಗಿನಲ್ಲಿ ಪ್ಯಾಕೇಜು ಕಟ್ಟಿ ಶಾಲೆಗೆ ಕಳಿಸಿಯೂಬಿಟ್ಟಳು.

ಅಜ್ಜಾರು ಹಿಂತಿರುಗಿದ ದಿನವೇ ಶಾಲೆಯ ಟೀಚರು ಶಾರದಾಬಾಯಿ ದೋಣಿಯಲ್ಲಿ ಬಂದರು.

“ಅಜ್ಜಾರ, ಮಷೀನು ಎಲ್ಲಾ ಹುಡುಗರಿಗೂ ಒಂದ ವೇಗದಾಗ ಓದಾಕತ್ತೈತ್ರಿ. ಯಾರಿಗೆ ಎಷ್ಟು ನಿಧಾನ ಓದಬೇಕು ಅಂತ ಮೂರು ವರ್ಷ ಕುಂತು ಒಂದು ಫೈಲಿನ್ಯಾಗ ಬರ್ದಿದ್ನಿ. ಈಗ ಅದು ಖಾಲಿ ಐತಿ. ಏನೂ ತಿಳಿವಲ್ದು ಅಂತ ಹುಡುಗರು ಅಳಾಕತ್ತಾವು.”

ದಾನಮ್ಮ ಓಡಿಹೋಗಿ ಅಜ್ಜಾರ ಹಳೆಯ ಪಟ್ಟಿ ತೆಗೆದು ನೋಡಿದಳು.

ಆ ಫೈಲಿನ ಪಕ್ಕ ಅಜ್ಜಾರು ಯಾವಾಗಲೂ ಒಂದು ಗುರುತು ಹಾಕುತ್ತಿದ್ದರು: ಬಳಸುವವರು ತಿದ್ದಿದ್ದರೆ ಮುಟ್ಟಬೇಡ. ಸ್ಕ್ರಿಪ್ಟಿಗೆ ಆ ಗುರುತು ಏನು ಗೊತ್ತು? ಅದು ಫೈಲುಗಳನ್ನು ಹುಡುಕಿತು, ಅಷ್ಟೆ. ಹೊಸ ಪ್ಯಾಕೇಜು ಬಂದು ಟೀಚರ ಮೂರು ವರ್ಷದ ಬರಹವನ್ನು ಅಳಿಸಿಹಾಕಿತ್ತು.

“ತಪ್ಪು ನಂದ್ರಿ ಅಜ್ಜಾರ. ಆ ಸ್ಕ್ರಿಪ್ಟ್ ಈಗಿಂದೀಗ ತಗದು ಒಗೀತೀನಿ.”

“ಅದೆಲ್ಲಿ ಓಡಿ ಹೋಗತೈತಿ? ಮೊದಲ ದೋಣಿ ಹತ್ತು.”

“ಲ್ಯಾಪ್‌ಟಾಪ್ ತಗೊಳ್ಳಲೇನ್ರಿ?”

“ಸಾಲ್ಯಾಗ ಕಂಪ್ಯೂಟರ್ ಅದಾವು. ನೀ ಕಿವಿ ತಗೊಂಡು ಹೋಗು.”

ಶಾಲೆಯಲ್ಲಿ ಹದಿನೇಳು ಮಕ್ಕಳು. ದಾನಮ್ಮ ಒಬ್ಬೊಬ್ಬರ ಪಕ್ಕ ಕೂತಳು. ಬಸಲಿಂಗಮ್ಮ ಎಂಬ ಪುಟ್ಟ ಹುಡುಗಿಗೆ ವೇಗ ಇಳಿಸಿದಳು, ಇನ್ನೂ ಇಳಿಸಿದಳು. ಬಿಗಿದುಕೊಂಡಿದ್ದ ಆ ಮಗುವಿನ ಮುಖ ಮೆಲ್ಲಗೆ ಸಡಿಲಾಯಿತು.

“ಈಗ ತಿಳೀತೇನವ್ವಾ?”

“ಹೂಂ ಅಕ್ಕಾ. ಈಗ ಅದು ನನ್ನ ಜೋಡಿ ಮಾತಾಡಾಕತ್ತೈತಿ.”

ಇಷ್ಟು ದಿನ ಪ್ಯಾಕೇಜು ಕಟ್ಟುತ್ತಿದ್ದ ದಾನಮ್ಮ ಅದನ್ನು ಕೇಳುವವರ ಮುಖ ನೋಡಿರಲಿಲ್ಲ. ನಾಚಿಕೆಯಾಯಿತು. ಆ ಮಕ್ಕಳ ಮೇಲೆ ಹೇಳಲಾಗದಷ್ಟು ಅಕ್ಕರೆಯೂ ಬಂತು.

ಹದಿನೇಳೂ ಮಕ್ಕಳಿಗೆ ಒಪ್ಪುವ ವೇಗವನ್ನು ಆ ಫೈಲಿನಲ್ಲಿ ಮತ್ತೆ ಬರೆದು ಮುಗಿಸಲು ನಾಲ್ಕು ದಿನ ಬೇಕಾಯಿತು.

ಆಶ್ರಮಕ್ಕೆ ಮರಳಿ ಸ್ಕ್ರಿಪ್ಟ್ ಓಡಿಸಿದಳು. ಬಂದ ಪಟ್ಟಿಯನ್ನು ಈ ಸಲ ಮೇಲಿಂದ ಕೆಳಗಿನವರೆಗೆ ತಾನೇ ಓದಿದಳು. ಒಂದು ಸಾಲಿಗೆ ಗುರುತು ಹಾಕಿ ಅಜ್ಜಾರ ಮುಂದೆ ಹಿಡಿದಳು. ಇನ್ನು ತನ್ನ ಕೈಗೆ ಕೆಲಸ ಕೊಡುತ್ತಾರೋ ಇಲ್ಲವೋ ಎಂಬ ಅಳುಕು.

“ಒಂದಕ್ಕ ಗುರುತು ಹಾಕೀನ್ರಿ. ಶಾರದಾಬಾಯಿಯವ್ರನ್ನ ಕೇಳಿ ಹಾಕೀನಿ. ಸ್ಕ್ರಿಪ್ಟಿನ್ಯಾಗೂ ಅದನ್ನ ಬರದೀನಿ, ಮುಂದ ಅದು ಮರಿಯಂಗಿಲ್ಲ.”

“ಉಳಿದ ಮುನ್ನೂರ ಹತ್ತು?”

“ಅವನ್ನ ಯಂತ್ರ ನೋಡಿಕೊಳ್ಳತೈತ್ರಿ.” ಅವಳ ದನಿ ಇಳಿಯಿತು. “ನಾ ಇನ್ನ ಪ್ಯಾಕೇಜು ಕಟ್ಟಬಹುದೇನ್ರಿ, ಅಜ್ಜಾರ?”

ಅಜ್ಜಾರು ತಾವು ಬರೆಯುತ್ತಿದ್ದ ಪಟ್ಟಿಯನ್ನು ಅರ್ಧಕ್ಕೇ ಮಡಚಿಟ್ಟರು.

“ಕಟ್ಟು, ತಂಗಿ. ಇನ್ನ ಪ್ರತಿ ಸಲ ನಿನಗ ಎರಡು ದಿನ ಉಳೀತಾವು. ಆ ಎರಡು ದಿನ ಹೊಳಿ ದಾಟಿ ಹೋಗಿ ಹುಡುಗರ ಬಾಜೂಕ ಕುಂಡ್ರು.”