ಸರ್ವರ್ ಕೇಳಿದ ಪ್ರಮಾಣಪತ್ರ

ಪಿಂಚಣಿ ಕಚೇರಿಯ ಸರ್ವರ್ ಅಪ್‌ಗ್ರೇಡ್ ಅರ್ಧಕ್ಕೇ ನಿಂತಿತ್ತು. "ಐದರೊಳಗ ಮುಗೀಲಿಲ್ಲಂದ್ರ ನಾಳೆಯಿಂದ ಬರಬ್ಯಾಡ," ಎಂದರು ಜಂಬಗಿ ಸಾಹೇಬರು.

ಆಪರೇಟರ್ ನೀಲಾಂಬಿಕಾ ಪರದೆ ತೋರಿಸಿದಳು. "ಸರ್ವರಿನ ಸರ್ಟಿಫಿಕೇಟ್ ಅವಧಿ ಮುಗದದರಿ. ಅದಕ್ಕ ಹೊಸ ತಂತ್ರಾಂಶ ಅದನ್ನ ನಂಬವಲ್ದು. ನವೀಕರಣದ ಅರ್ಜಿ ನಿಮ್ಮ ಸಹಿಗೆ ಬಂದು ತಿಂಗಳಾತ್ರಿ."

"ಕಣ್ಣ ಮುಂದ ಜೀವಂತ ಕುಂತದ. ಅದಕ್ಯಾಕ ಸರ್ಟಿಫಿಕೇಟು?"

ನೀಲಾಂಬಿಕಾ ಬಾಗಿಲಾಚೆ ನೋಡಿದಳು. ಬದುಕಿರುವುದಕ್ಕೆ ಪ್ರಮಾಣಪತ್ರವಿಲ್ಲವೆಂದು ಸಾಹೇಬರು ಹೊರಗೆ ಕೂರಿಸಿದ್ದ ಇಟಗಿ ಮಾಸ್ತರರು ಬೆಂಚಿನ ಮೇಲೆ ಕೆಮ್ಮುತ್ತಿದ್ದರು.

"ಮುಂಜಾನೆ ಮಾಸ್ತರೂ ನಿಮಗ ಇದನ್ನೇ ಕೇಳಿದ್ರು. ನೀವೇನು ಹೇಳಿದ್ರಿ ಅಂತ ಅವರನ್ನೇ ಕರದು ಕೇಳ್ಲೇನ್ರಿ?"

ಸಾಹೇಬರು ಪರದೆ ನೋಡಿದರು, ಬೆಂಚು ನೋಡಿದರು. "ಪೆನ್ ಕೊಡು," ಎಂದರು.

ಐದಕ್ಕೆ ಮೊದಲೇ ಅಪ್‌ಗ್ರೇಡ್ ಮುಗಿಯಿತು, ನೀಲಾಂಬಿಕಾಳ ಕೆಲಸ ಉಳಿಯಿತು. ಅದೇ ಪೆನ್ನಿನಿಂದ ಮಾಸ್ತರರೂ ಬದುಕಿಕೊಂಡರು.