ಬೇಲಿಯನ್ನು ಹೊಗಳಿದ ನರಿ

ಚೈತ್ರ ಬಹುಳ ಪಂಚಮಿಯ ಇಳಿಹೊತ್ತು, ನಾಲ್ಕು ಗಂಟೆಗೆ ಆರಂಭವಾದ ಮಾತು ಇದು. ಕೆಂಚಿ ಎಂಬ ಹಿರಿಯ ಮೇಕೆ ಒಂದು ಸಣ್ಣ ಹೊಲದಲ್ಲಿ ತನ್ನ ಮರಿಯೊಡನೆ ಮೇಯುತ್ತಿತ್ತು. ಹೊಲದ ಸುತ್ತ ಕರೆಂಟಿನ ಬೇಲಿ, ಬೇಲಿಯಾಚೆ ನರಿ.

“ಎಂಥ ಬೇಲಿ ಕೆಂಚಕ್ಕ! ಇದನ್ನು ದಾಟುವ ಎದೆ ನಮ್ಮ ಕುಲದಲ್ಲಿ ಯಾರಿಗೂ ಇಲ್ಲ. ಈ ಸೆಕೆಯಲ್ಲಿ ಕೊಟ್ಟಿಗೆಯೇಕೆ? ಇಂದು ಮರಿಯೊಡನೆ ಇಲ್ಲೇ ಬಯಲಲ್ಲಿ ಮಲಗಿ,” ಎಂದಿತು ನರಿ.

ಕಳ್ಳನು ಬೀಗವನ್ನು ಹೊಗಳಿದರೆ ಬಾಗಿಲನ್ನು ಇನ್ನೊಮ್ಮೆ ನೋಡಬೇಕೆಂಬುದು ಕೆಂಚಿಗೆ ಗೊತ್ತಿತ್ತು. “ಹೋದ ವಾರ ಮೂತಿ ಸುಟ್ಟುಕೊಂಡು ಹತ್ತು ಮಾರು ದೂರ ನಿಂತಿದ್ದೆಯಲ್ಲ ನರಿಯಪ್ಪ, ಇಂದು ತಂತಿಗೆ ಒಂದೇ ಗೇಣಿನಲ್ಲಿ ನಿಂತಿರುವೆಯಲ್ಲ?”

“ನಿಮ್ಮ ಮೇಲಿನ ವಿಶ್ವಾಸ, ತಾಯಿ. ಬೇಲಿಗೆ ಕರೆಂಟು ಕೊಡುವ ಪೆಟ್ಟಿಗೆ ಟಕ್ ಟಕ್ ಎನ್ನುವುದು ಕೇಳುತ್ತಿಲ್ಲವೆ?”

“ಕೇಳುತ್ತಿದೆ. ಸದ್ದು ಪೆಟ್ಟಿಗೆಯದು, ಕಚ್ಚಬೇಕಾದುದು ತಂತಿ.”

ಕೆಂಚಿ ಮೂಲೆಗೆ ನಡೆದು, ನೆಲದಲ್ಲಿ ಹೂತಿದ್ದ ಅರ್ಥಿಂಗ್ ಸಲಾಕೆಯ ಬುಡವನ್ನು ಮೂಸಿತು. ಆ ಬುಡ ಒಣಗಿದರೆ ತಂತಿಗೆ ಕಸುವಿರದೆಂದು ಒಡತಿ ನೀಲವ್ವ ಬೇಸಿಗೆಯುದ್ದಕ್ಕೂ ದಿನಕ್ಕೊಂದು ಕೊಡ ನೀರು ಸುರಿಯುತ್ತಿದ್ದಳು. ಅವಳು ತವರಿಗೆ ಹೋಗಿ ನಾಲ್ಕು ದಿನವಾಗಿತ್ತು. ಅವಳ ಗಂಡ ಮೇಕೆಗಳಿಗೆ ನೀರಿಟ್ಟ, ಸಲಾಕೆಯನ್ನು ಮರೆತ. ಮಣ್ಣು ಒಣಗಿ ಧೂಳಾಗಿತ್ತು. ಆ ಧೂಳಿನಲ್ಲಿ, ಬೇಲಿಯ ಒಳಬದಿಗೆ, ನರಿಯ ಹೆಜ್ಜೆಗಳು ಮೂಡಿದ್ದವು.

ಕೆಂಚಿ ಮರಿಯನ್ನು ಬಳಿಗೆ ಕರೆಯಿತು. ಹೊತ್ತು ಮುಳುಗುವ ಮೊದಲೇ ಮರಿಯೊಡನೆ ಕೊಟ್ಟಿಗೆ ಸೇರುವುದೆಂದೂ, ನೀಲವ್ವ ಮರಳುವವರೆಗೆ ಹೊಲಕ್ಕೆ ಕಾಲಿಡುವುದಿಲ್ಲವೆಂದೂ ನಿರ್ಧರಿಸಿತು.